ಶಾಲಾ ಮಾರ್ಗದರ್ಶನ ಮತ್ತು ಪ್ರಶಿಕ್ಷಣಾರ್ಥಿಯ ವೃತ್ತಿ ಅಸ್ಮಿತೆ

ಶಾಲಾ ಮಾರ್ಗದರ್ಶನವೆಂದರೆ ಶಿಕ್ಷಕ ತರಬೇತಿ ಪಡೆಯುತ್ತಿರುವ ಪ್ರಶಿಕ್ಷಣಾರ್ಥಿಯು ಶಾಲೆಯಲ್ಲಿ ಅನುಭವಿ ಶಿಕ್ಷಕರ ಒಡನಾಟದಿಂದ, ತಾನು ಎಂಥ ಶಿಕ್ಷಕನಾಗಬೇಕೆಂಬ ಅರಿವನ್ನು, ಅಂದರೆ ವೃತ್ತಿ ಅಸ್ಮಿತೆಯನ್ನು, ರೂಪಿಸಿಕೊಳ್ಳುವ ಪ್ರಕ್ರಿಯೆ. ಭಾರತದಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಿ.ಎಡ್. ಶಿಕ್ಷಣವನ್ನು ಎರಡು ವರ್ಷಕ್ಕೆ ವಿಸ್ತರಿಸಿ, 20 ವಾರಗಳ ಶಾಲಾ ಅನುಭವವನ್ನು ಸೇರಿಸಿತು. ಇದರಲ್ಲಿ 16 ವಾರ ಎರಡನೆಯ ವರ್ಷದ್ದು. ಅದುವರೆಗೆ ಗೊತ್ತುಪಡಿಸಿದಷ್ಟು ಅಭ್ಯಾಸ ಪಾಠ ಮುಗಿಸಿ ಮರಳುತ್ತಿದ್ದವರಿಗೆ ಹಾಜರಿ, ಮೌಲ್ಯಮಾಪನ, ಪೋಷಕರ ಸಭೆಗಳೂ ಕಲಿಕೆಯ ಭಾಗವಾದವು.

ಅಸ್ಮಿತೆ ಹೆಚ್ಚಾಗಿ ಪಾಠದ ನಂತರದ ಮಾತುಕತೆಯಲ್ಲಿ ಮೊಳೆಯುತ್ತದೆ. ಕಪ್ಪುಹಲಗೆಯ ಬರಹ, ಧ್ವನಿಯ ಏರಿಳಿತ ತಿದ್ದುವುದು ಸುಲಭ. ಆದರೆ ಹಿಂದಿನ ಬೆಂಚಿನ ಮಗು ಏಕೆ ಉತ್ತರಿಸಲಿಲ್ಲವೆಂದು ಮಾರ್ಗದರ್ಶಕರು ಕೇಳಿದಾಗ ಪ್ರಶಿಕ್ಷಣಾರ್ಥಿಯ ಗಮನ ತನ್ನಿಂದ ಮಗುವಿನತ್ತ ಹೊರಳುತ್ತದೆ. ವಿದ್ಯಾರ್ಥಿ ಶಿಕ್ಷಕನಾಗುವ ನಿಜವಾದ ತಿರುವು ಇದೇ. ಕರ್ನಾಟಕದ ಚಟುವಟಿಕೆ ಆಧಾರಿತ ನಲಿ-ಕಲಿ ತರಗತಿಯಲ್ಲಿ ಮಕ್ಕಳ ನಡುವೆ ಕುಳಿತು ಕಲಿಸುವವರನ್ನು ಕಂಡ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಣ ಡಿಪ್ಲೊಮಾ) ಪ್ರಶಿಕ್ಷಣಾರ್ಥಿಗೆ, ಮೇಜಿನ ಹಿಂದೆ ನಿಂತು ಬೋಧಿಸುವ ಶಿಕ್ಷಕನ ಚಿತ್ರವೇ ಬದಲಾಗಬಹುದು.

ಅತಿಯಾದ ತಿದ್ದುವಿಕೆ ಅನುಕರಣೆಗೂ, ಪೂರ್ಣ ನಿರ್ಲಕ್ಷ್ಯ ಅಳುಕಿಗೂ ದಾರಿಮಾಡುತ್ತದೆ. ಮಾರ್ಗದರ್ಶಕರ ಸ್ವಂತ ಬೋಧನಾ ಹೊರೆ ತಗ್ಗದಿದ್ದರೆ ಅವರ ಪಾತ್ರ ದಾಖಲೆ ಪುಸ್ತಕಕ್ಕೆ ಸಹಿ ಹಾಕುವಷ್ಟಕ್ಕೆ ಕುಗ್ಗುತ್ತದೆ. ಇದು ದೊಡ್ಡ ನಷ್ಟ. ನೀತಿಯ ಮಟ್ಟದಲ್ಲಿ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾರ್ಗದರ್ಶನಕ್ಕಾಗಿ ರಾಷ್ಟ್ರೀಯ ಮಿಷನ್ ಒಂದನ್ನು ಪ್ರಸ್ತಾಪಿಸಿದೆ.