ವಿಭಕ್ತಿ ಮತ್ತು ಪದಕ್ರಮ: ಕನ್ನಡದ ಹಾದಿಯಿಂದ ರಷ್ಯನ್ ವ್ಯಾಕರಣ

ರಷ್ಯಾಕ್ಕೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್ 15ನೆಯ ಶತಮಾನದ ಉತ್ತರಾರ್ಧದಲ್ಲಿ ಬಹಮನಿ ರಾಜಧಾನಿ ಬೀದರನ್ನು ಕಂಡು ತನ್ನ ಪ್ರವಾಸದ ವೃತ್ತಾಂತವನ್ನು ಬರೆದಿಟ್ಟನು. ಭಾಷಾಧ್ಯಯನದ ನಂಟು ಬೆಳೆದುದು ಬಹಳ ತಡವಾಗಿ. ಎಂ. ಎಸ್. ಆಂದ್ರೊನೊವ್ ಕನ್ನಡ ಭಾಷೆಯನ್ನು ಕುರಿತ ರಷ್ಯನ್ ಗ್ರಂಥವನ್ನು 1962ರಲ್ಲಿ ಮಾಸ್ಕೋದಲ್ಲಿ ಪ್ರಕಟಿಸಿದರು. ಇತ್ತ 1960ರಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನದ ಮೂಲಕ ಸೋವಿಯತ್ ಪುಸ್ತಕಗಳು ಕನ್ನಡ ಓದುಗರನ್ನು ತಲುಪಿದವು. ಆದರೆ ರಷ್ಯನ್ ಸಾಹಿತ್ಯವು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಕನ್ನಡಕ್ಕೆ ಬಂದಿತು. ರಷ್ಯನ್ ವ್ಯಾಕರಣದ ಕಲಿಕೆಯೂ ಅದೇ ಹಾದಿಯನ್ನು ಹಿಡಿಯಿತು. ವಿಭಕ್ತಿಗಳನ್ನು ಬಹುತೇಕ ಕಳೆದುಕೊಂಡಿರುವ ಭಾಷೆಯೊಂದರ ಮೂಲಕ ವಿಭಕ್ತಿಪ್ರಧಾನವಾದ ಭಾಷೆಯನ್ನು ಕಲಿಯುವಾಗ, ಕನ್ನಡಿಗನಿಗೆ ತನ್ನ ನುಡಿಯಿಂದಲೇ ಒದಗಬಹುದಾದ ನೆರವು ಮರೆಗೆ ಸರಿಯಿತು.

ಕೇಶಿರಾಜನು ಸುಮಾರು 1260ರಲ್ಲಿ ರಚಿಸಿದ ಶಬ್ದಮಣಿದರ್ಪಣವು ಏಳು ವಿಭಕ್ತಿಗಳನ್ನು ನಿರೂಪಿಸುತ್ತದೆ. ಈ ಚೌಕಟ್ಟು ಸಂಸ್ಕೃತದ್ದೆಂಬುದನ್ನು ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' (2000) ಕೃತಿಯಲ್ಲಿ ಚರ್ಚೆಗೆ ತಂದರು. ರಷ್ಯನ್ ವ್ಯಾಕರಣವೂ ಚರ್ಚ್ ಸ್ಲಾವೊನಿಕ್‌ನ ನೆರಳಿನಲ್ಲೇ ಬೆಳೆದು, 1755ರಲ್ಲಿ ಲೊಮೊನೊಸೊವ್ ರಚಿಸಿದ ವ್ಯಾಕರಣದಿಂದ ಸ್ವಂತ ನೆಲೆಯನ್ನು ಪಡೆಯಿತು. ಇಂದಿನ ಶಾಲಾ ವ್ಯಾಕರಣವು ಆರು ವಿಭಕ್ತಿಗಳನ್ನು ಹೇಳುತ್ತದೆ.

ಪದಕ್ರಮದ ಸ್ವಾತಂತ್ರ್ಯವು ವಿಭಕ್ತಿಯ ಫಲವೆಂಬುದಕ್ಕೆ ತುಮಕೂರಿನ ಬಳಿಯ ಗೂಳೂರು ಒಳ್ಳೆಯ ನಿದರ್ಶನ. ಇದು ನಾಲ್ಕು ಶೂನ್ಯಸಂಪಾದನೆಗಳಲ್ಲಿ ಕಡೆಯದನ್ನು ಸಂಕಲಿಸಿದ ಸಿದ್ಧವೀರಣ್ಣೊಡೆಯರ ಊರು. ಆ ಕೃತಿಯ ವಚನಗಳಲ್ಲಿ ಕ್ರಿಯಾಪದದ ಅನಂತರವೂ ಪದಗಳು ಬರುವುದು ಸಾಮಾನ್ಯ. ಊರಿನ ಪ್ರಸಿದ್ಧ ಗಣಪತಿ ಉತ್ಸವವನ್ನು ಕುರಿತು 'ಊರವರು ಗಣಪನನ್ನು ಕೆರೆಗೆ ಬಿಟ್ಟರು' ಎನ್ನಬಹುದು; 'ಕೆರೆಗೆ ಬಿಟ್ಟರು ಗಣಪನನ್ನು ಊರವರು' ಎಂದರೂ ಬಿಟ್ಟವರಾರು, ಬಿಟ್ಟುದು ಯಾರನ್ನು ಎಂಬುದು ಕೆಡುವುದಿಲ್ಲ. ಬದಲಾಗುವುದು ಒತ್ತು ಮಾತ್ರ. ರಷ್ಯನ್‌ನಲ್ಲಿಯೂ ಹೀಗೆಯೇ, ಹೊಸ ವಿಷಯವನ್ನು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಇಡುತ್ತಾರೆ. ಪ್ರತ್ಯಯವು ಭೇದವನ್ನು ತೋರದಿದ್ದಾಗ ಈ ಸ್ವಾತಂತ್ರ್ಯವು ಕುಗ್ಗುತ್ತದೆ. 'ಮಾತ್ ಲ್ಯೂಬಿತ್ ದೋಚ್' (ತಾಯಿ ಮಗಳನ್ನು ಪ್ರೀತಿಸುತ್ತಾಳೆ) ಎಂಬಲ್ಲಿ ಎರಡು ನಾಮಪದಗಳಿಗೂ ಪ್ರಥಮೆ ಮತ್ತು ದ್ವಿತೀಯೆಯ ರೂಪ ಒಂದೇ ಆದುದರಿಂದ ಪದಕ್ರಮವೇ ಅರ್ಥವನ್ನು ನಿರ್ಣಯಿಸುತ್ತದೆ.

ದ್ವಿತೀಯೆಯಲ್ಲಿ ಇನ್ನೊಂದು ಹೋಲಿಕೆಯುಂಟು. ಜನರ ಆಡುಮಾತಿನಲ್ಲಿ 'ರಾಗಿ ಬೀಸಿದಳು' ಎನ್ನುವಾಗ ಪ್ರತ್ಯಯವು ಲೋಪವಾಗುತ್ತದೆ. 'ಮಗಳನ್ನು ಕರೆದಳು' ಎಂಬಲ್ಲಿ ಲೋಪವಾಗದು. ರಷ್ಯನ್ ಪುಲ್ಲಿಂಗದಲ್ಲಿ ನಿರ್ಜೀವ ವಸ್ತುವಾದ 'ಸ್ತೋಲ್' (ಮೇಜು) ದ್ವಿತೀಯೆಯಲ್ಲಿಯೂ ಹಾಗೆಯೇ ಉಳಿಯುತ್ತದೆ. 'ಬ್ರಾತ್' (ಸೋದರ) ಷಷ್ಠಿಯ ರೂಪವನ್ನು ತಾಳಿ 'ಬ್ರಾತ' ಆಗುತ್ತದೆ. ಎರಡು ಭಾಷೆಗಳ ನಿಯಮಗಳು ಬೇರೆಯಾದರೂ ಹಿಂದಿನ ವಿವೇಕ ಒಂದೇ ಬಗೆಯದು.

ಚತುರ್ಥಿಯಲ್ಲಿ ಸಾಮ್ಯವು ಇನ್ನೂ ಸ್ಪಷ್ಟ. 'ನನಗೆ ಚಳಿ' ಎಂಬುದು 'ಮ್ನ್ಯೆ ಖೋಲದ್ನ'. 'ನನಗೆ ಇಪ್ಪತ್ತು ವರ್ಷ' ಎಂಬುದು 'ಮ್ನ್ಯೆ ದ್ವಾತ್ಸತ್ ಲ್ಯೆತ್'. 'ಅವನು ಶಿಕ್ಷಕ' ಎಂಬಂತೆ 'ಓನ್ ಉಚೀತೆಲ್' ಎಂಬಲ್ಲಿಯೂ ಕ್ರಿಯಾಪದ ಬೇಕಿಲ್ಲ. ಇಂಗ್ಲಿಷಿನಲ್ಲಿ ಅನುಭವಿಸುವವನು ಪ್ರಥಮೆಯಲ್ಲಿ ನಿಲ್ಲುವುದರಿಂದ ಆ ಮೂಲಕ ಕಲಿಯುವವನಿಗೆ ಈ ರಚನೆ ಅಪವಾದದಂತೆ ತೋರುತ್ತದೆ. ಕನ್ನಡಿಗನಿಗೆ ಅದು ಮನೆಯ ಮಾತು.

ಹೋಲಿಕೆಗೆ ಮಿತಿಯೂ ಇದೆ. 'ಶಾಲೆಗೆ ಹೋದನು' ಎಂಬಲ್ಲಿ ಕನ್ನಡಕ್ಕೆ ಚತುರ್ಥಿ, ರಷ್ಯನ್‌ಗೆ ಉಪಸರ್ಗಪದದೊಡನೆ ದ್ವಿತೀಯೆ. ಕನ್ನಡದ 'ಊರಿನಲ್ಲಿ', 'ಊರುಗಳಲ್ಲಿ' ಎಂಬ ರೂಪಗಳಲ್ಲಿ ವಚನವೂ ವಿಭಕ್ತಿಯೂ ಬೇರೆ ಬೇರೆಯಾಗಿ ಕಾಣುತ್ತವೆ. ರಷ್ಯನ್‌ನ 'ಸ್ತಲ್ಯೆ', 'ಸ್ತಲಾಖ್' ರೂಪಗಳಲ್ಲಿ ಅವೆರಡೂ ಒಂದೇ ಪ್ರತ್ಯಯದಲ್ಲಿ ಬೆರೆತಿವೆ. ರಷ್ಯನ್ ಕಲಿಕೆಯ ನಿಜವಾದ ಕಷ್ಟ ಇರುವುದು ಇಲ್ಲಿಯೇ ಹೊರತು ವಿಭಕ್ತಿಯ ಕಲ್ಪನೆಯಲ್ಲಲ್ಲ.

ಒಟ್ಟಿನಲ್ಲಿ, ಕನ್ನಡವನ್ನೇ ಮಾಧ್ಯಮವಾಗಿಸಿಕೊಂಡ ರಷ್ಯನ್ ವ್ಯಾಕರಣವು ಭಾಷಾಭಿಮಾನದ ಬೇಡಿಕೆಯಷ್ಟೇ ಅಲ್ಲ, ಶಾಸ್ತ್ರೀಯವಾಗಿಯೂ ಹತ್ತಿರದ ದಾರಿ. ಅಂತಹ ಕೃತಿಯು ಕೇಶಿರಾಜನ ಸೂತ್ರಗಳೊಡನೆ ಜನರ ಆಡುಮಾತನ್ನೂ ಆಧಾರವಾಗಿ ಇಟ್ಟುಕೊಳ್ಳುವುದು ಅಗತ್ಯ.