ಬಿಸಿನೀರಿನ ಮೂರ್ಛೆಯೂ ಅಯಸ್ಕಾಂತದ ಸುರುಳಿಯೂ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು 1986ರಿಂದ 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದು, ಅನಂತರ ರಾಮನಗರ ಜಿಲ್ಲೆಯಾಗಿ ಬೇರ್ಪಟ್ಟು, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಪಡೆದವು. ಆಡಳಿತದ ಗಡಿಗಳು ಹೀಗೆ ಬದಲಾದರೂ, ಮೂರ್ಛೆ, ಲಕ್ವ, ಬಿಡದ ತಲೆನೋವು ಮೊದಲಾದ ನರಸಂಬಂಧಿ ಕಾಯಿಲೆಗಳಿಗೆ ಈ ಸೀಮೆಯ ಜನ ಹಿಡಿಯುತ್ತ ಬಂದ ದಾರಿ ಬೆಂಗಳೂರಿನ ಹೊಸೂರು ರಸ್ತೆಯ ಆಸ್ಪತ್ರೆಯದೇ ಆಗಿತ್ತು. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯಾಗಿದ್ದ ಆ ಸ್ಥಳದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದುಗೂಡಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ರೂಪುಗೊಂಡಿತು. ಮನಸ್ಸಿನ ರೋಗವನ್ನೂ ನರದ ರೋಗವನ್ನೂ ಒಂದೇ ಸೂರಿನಡಿ ನೋಡುವ ಏರ್ಪಾಡು ಹೀಗೆ ನೆಲೆಗೊಂಡದ್ದು ಮುಂದಿನ ಸಂಶೋಧನೆಗಳ ಸ್ವರೂಪವನ್ನೇ ನಿರ್ಧರಿಸಿತೆಂದು ಹೇಳಬಹುದು.

ಈ ಸಂಶೋಧನೆಗಳಲ್ಲಿ ದಕ್ಷಿಣ ಕರ್ನಾಟಕದ ಬದುಕಿಗೆ ಅತ್ಯಂತ ಹತ್ತಿರವಾದುದು ಬಿಸಿನೀರಿನ ಮೂರ್ಛೆಯ ಅಧ್ಯಯನ. ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬಿನಲ್ಲಿ ಮೊಗೆದು ಒಂದರ ಹಿಂದೊಂದರಂತೆ ನೆತ್ತಿಯ ಮೇಲೆ ಸುರಿದುಕೊಳ್ಳುವ ತಲೆಸ್ನಾನ, ಅದರಲ್ಲಿಯೂ ಯುಗಾದಿ, ದೀಪಾವಳಿಗಳ ಎಣ್ಣೆಸ್ನಾನ, ಈ ಭಾಗದ ಮನೆಮನೆಯ ರೂಢಿ. ಇಂಥ ಸ್ನಾನದ ನೀರು ಹಲವು ವೇಳೆ 40ರಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಿರುತ್ತದೆ. ಕೆಲವರಲ್ಲಿ ಈ ಬಿಸಿ ನೆತ್ತಿಗೆ ತಾಕುತ್ತಿದ್ದಂತೆ ದೃಷ್ಟಿ ನೆಟ್ಟು, ಮಾತು ತೊದಲಿ, ಎಚ್ಚರ ತಪ್ಪುತ್ತದೆ. ಹೊರಗಿನ ಒಂದು ನಿರ್ದಿಷ್ಟ ಪ್ರಚೋದನೆಯಿಂದಲೇ ಬರುವ ಇಂಥ ಮೂರ್ಛೆಯನ್ನು ವೈದ್ಯರು ಪ್ರತಿವರ್ತಿತ ಅಪಸ್ಮಾರವೆಂದು ಕರೆಯುತ್ತಾರೆ. 1945ರಲ್ಲಿ ನ್ಯೂಜಿಲೆಂಡಿನಿಂದ ಒಂದು ಪ್ರಕರಣ ವರದಿಯಾಗಿದ್ದ ಈ ಸ್ಥಿತಿ ಬೆಂಗಳೂರಿನ ನರರೋಗತಜ್ಞ ಕೆ. ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು 1968ರಲ್ಲಿ ಪ್ರಕಟಿಸಿದ ಪ್ರಾಥಮಿಕ ವರದಿಯಿಂದ ಭಾರತೀಯ ವೈದ್ಯರ ಗಮನಕ್ಕೆ ಬಂದಿತು, ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರಗಳನ್ನು ಕಲೆಹಾಕಿ ಪ್ರಕಟಿಸಿದಾಗ, ಬೇರೆಡೆ ಅಪರೂಪವೆನಿಸಿದ್ದ ಈ ಕಾಯಿಲೆ ಇಲ್ಲಿ ಅಪರೂಪವಲ್ಲವೆಂಬುದು ಸ್ಪಷ್ಟವಾಯಿತು. 2009ರಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಾಯಿಲೆಯುಳ್ಳ ಕುಟುಂಬಗಳನ್ನು ಅಭ್ಯಸಿಸಿ, ಅದರ ಆನುವಂಶಿಕ ನೆಲೆಯೊಂದನ್ನು ಹತ್ತನೆಯ ವರ್ಣತಂತುವಿನಲ್ಲಿ ಗುರುತಿಸಿದರು. ರೂಢಿಯೊಂದೇ ಕಾರಣವಲ್ಲ, ಆನುವಂಶಿಕತೆಯೊಂದೇ ಕಾರಣವಲ್ಲ, ಎರಡೂ ಕೂಡಿದಾಗ ಮಿದುಳು ಕೆರಳುತ್ತದೆ ಎಂಬ ತಿಳಿವಳಿಕೆ ಇದರಿಂದ ಗಟ್ಟಿಯಾಯಿತು. ದೇವರ ಮುನಿಸೆಂದೋ ಗಾಳಿ ಸೋಕಿದ್ದೆಂದೋ ನಂಬಿ ನೊಂದ ಮನೆಗಳಿಗೆ, ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ ಎಷ್ಟೋ ಮಂದಿಗೆ ಮೂರ್ಛೆ ತಪ್ಪುತ್ತದೆಂಬ ಈ ಅಧ್ಯಯನಗಳ ಸರಳ ಸಲಹೆ ದೊಡ್ಡ ಸಮಾಧಾನವಾಗಬಲ್ಲದಾಗಿತ್ತು.

ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಊರಿನ ನಿಜಸ್ಥಿತಿ ತಿಳಿಯದು. ಎಂ. ಗೌರಿದೇವಿ, ಜಿ. ಗುರುರಾಜ್, ಸತೀಶ್ಚಂದ್ರ ಮೊದಲಾದವರು ಬೆಂಗಳೂರಿನ ನಗರ ಮತ್ತು ಗ್ರಾಮೀಣ ಪ್ರದೇಶಗಳಲ್ಲಿ ಮನೆಮನೆಯ ಸಮೀಕ್ಷೆ ನಡೆಸಿ, ತರಬೇತಿ ಪಡೆದ ಕಾರ್ಯಕರ್ತರ ಮೂಲಕ 1,02,557 ಜನರನ್ನು ಪ್ರಶ್ನಿಸಿ, 2004ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ನರಸಂಬಂಧಿ ಕಾಯಿಲೆಗಳ ಪ್ರಮಾಣ ನಗರದಲ್ಲಿ ಲಕ್ಷಕ್ಕೆ 2,190 ಇದ್ದರೆ ಹಳ್ಳಿಗಳಲ್ಲಿ 4,070 ಇತ್ತು. ಈ ಸಂಖ್ಯೆಗಳನ್ನು ಮಾಗಡಿಯ ಅಥವಾ ಚನ್ನಪಟ್ಟಣದ ಲೆಕ್ಕವೆಂದು ಓದಬಾರದು. ಆದರೂ ನಗರದ ಮಗ್ಗುಲಿನ ಹಳ್ಳಿಗಳ ಮೇಲೆ ಬಿದ್ದ ಹೊರೆ ನಗರದ ಹೊರೆಗಿಂತ ಹೆಚ್ಚುಕಡಿಮೆ ಇಮ್ಮಡಿಯೆಂಬ ಸಂಗತಿ ಈ ಸೀಮೆಯನ್ನು ಕುರಿತ ಯಾವ ಚರ್ಚೆಯಲ್ಲಿಯೂ ಮರೆಯುವಂಥದಲ್ಲ. ರೋಗಿಯಿದ್ದಲ್ಲಿಗೇ ವೈದ್ಯರು ಹೋಗಬೇಕೆಂಬ ವಿಚಾರವನ್ನು ನಿಮ್ಹಾನ್ಸ್ ಇದಕ್ಕೆ ಮುಂಚೆಯೇ ಕಾರ್ಯರೂಪಕ್ಕೆ ತಂದಿತ್ತು. ಅದರ ತಂಡಗಳು ಗೊತ್ತಾದ ದಿನಗಳಂದು ಹೋಗಿ ರೋಗಿಗಳನ್ನು ನೋಡಿ ಮಾತ್ರೆ ಕೊಟ್ಟು ಬರುತ್ತಿದ್ದ ಹೊರ ಚಿಕಿತ್ಸಾ ಕೇಂದ್ರಗಳಲ್ಲಿ ಗೌರಿಬಿದನೂರು, ಮದ್ದೂರುಗಳ ಜೊತೆಗೆ ಕನಕಪುರವೂ ಒಂದಾಗಿತ್ತು.

ಮಿದುಳು ಎಷ್ಟು ಬೇಗ ಕೆರಳುತ್ತದೆ ಎಂಬುದನ್ನು ಬಿಸಿನೀರು ತಾನಾಗಿ ತೋರಿಸಿಕೊಟ್ಟರೆ, ಅದನ್ನು ಅಳೆಯುವ ಉಪಕರಣ ಬಂದದ್ದು ಬೇರೊಂದು ದಿಕ್ಕಿನಿಂದ. ಬದಲಾಗುವ ಕಾಂತಕ್ಷೇತ್ರವು ಪಕ್ಕದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ್ದ ತತ್ತ್ವವನ್ನು ಆಧರಿಸಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಜೊತೆಗಾರರು 1982ರಲ್ಲಿ ಕೈಯ ನರಗಳನ್ನೂ 1985ರಲ್ಲಿ ಮಿದುಳನ್ನೂ ಪ್ರಚೋದಿಸಿದರು. ತಂತಿಯ ಸುರುಳಿಯೊಂದನ್ನು ತಲೆಗೆ ತಾಗಿಸಿ ಹಿಡಿದು, ಕೂಡಿಟ್ಟ ವಿದ್ಯುತ್ತನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಅವಧಿಯಲ್ಲಿ ಅದರೊಳಗೆ ಹರಿಸಿದಾಗ, ಹುಟ್ಟುವ ಕಾಂತಕ್ಷೇತ್ರ ತಲೆಬುರುಡೆಯನ್ನು ತಡೆಯಿಲ್ಲದೆ ದಾಟಿ ಮಿದುಳಿನ ಹೊರಪದರದಲ್ಲಿ ಸಣ್ಣ ವಿದ್ಯುತ್ ಪ್ರವಾಹವನ್ನು ಉಂಟುಮಾಡುತ್ತದೆ. ಚಲನೆಯನ್ನು ನಿಯಂತ್ರಿಸುವ ಭಾಗದ ಮೇಲೆ ಹಿಡಿದಿದ್ದರೆ ಎದುರು ಬದಿಯ ಕೈಯ ಹೆಬ್ಬೆರಳು ಮಿಡಿಯುತ್ತದೆ. ಹೆಬ್ಬೆರಳನ್ನು ಮಿಡಿಸಲು ಬೇಕಾಗುವ ಕನಿಷ್ಠ ಬಲವೇ ಚಲನ ಹೊಸ್ತಿಲು, ಅಂದರೆ ಆ ಮಿದುಳಿನ ಕೆರಳುವಿಕೆಯ ಅಳತೆ. ಇದಕ್ಕೆ ಮುನ್ನ 1980ರಲ್ಲಿ ಮೆರ್ಟನ್ ಮತ್ತು ಮಾರ್ಟನ್ ನೆತ್ತಿಯ ಮೂಲಕ ನೇರವಾಗಿ ವಿದ್ಯುತ್ ಹರಿಸಿ ಇದನ್ನೇ ಸಾಧಿಸಿದ್ದರೂ ಆ ವಿಧಾನ ನೋವಿನದಾಗಿತ್ತು. ಕಾಂತ ಪ್ರಚೋದನೆಯಲ್ಲಿ ನೋವು ಅಲ್ಪ. ಆದರೆ ಮಿದುಳನ್ನು ಕೆರಳಿಸುವ ಯಾವುದೇ ವಿಧಾನದಂತೆ ಇದೂ ವಿರಳವಾಗಿ ಮೂರ್ಛೆ ತರಿಸಬಹುದಾದ್ದರಿಂದ, ಹಿಂದೆ ಫಿಟ್ಸ್ ಬಂದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಕಡ್ಡಾಯ.

ನಿಮ್ಹಾನ್ಸ್‌ನಲ್ಲಿ ಈ ಉಪಕರಣದ ಬಳಕೆಗೆ ಗಮನಾರ್ಹ ನಿದರ್ಶನವೆಂದರೆ ಉರ್ವಕ್ಷ್ ಮೆಹ್ತಾ, ಜಗದೀಶ ತೀರ್ಥಳ್ಳಿ ಮತ್ತು ಸಹಸಂಶೋಧಕರು 2014ರಲ್ಲಿ ಪ್ರಕಟಿಸಿದ ಸ್ಕಿಜೋಫ್ರೇನಿಯಾ ಅಧ್ಯಯನ. ಬೇರೊಬ್ಬರ ಕೈಚಲನೆಯನ್ನು ನೋಡುವಾಗ ನೋಡುವವರ ಮಿದುಳೂ ಅದಕ್ಕೆ ಸ್ಪಂದಿಸುವ ಕ್ರಿಯೆಯನ್ನು ಕಾಂತ ಮಿಡಿತಗಳಿಂದ ಅಳೆದು, ಆ ಸ್ಪಂದನ ರೋಗಿಗಳಲ್ಲಿ ತಗ್ಗಿದೆಯೆಂದೂ ಅದು ಇತರರ ಮನಸ್ಸನ್ನು ಅರಿಯುವ ಶಕ್ತಿಯ ಕೊರತೆಗೆ ಸಂಬಂಧಿಸಿದೆಯೆಂದೂ ಅವರು ತೋರಿಸಿದರು.

ಅಳತೆಗೆ ಒಂದೆರಡು ಭೇಟಿ ಸಾಕಾದರೂ ಚಿಕಿತ್ಸೆಯ ಮಾತು ಬೇರೆ. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಖಿನ್ನತೆಗೆ ಅನುಮೋದಿಸಿದ ಮರುಕಳಿಸುವ ಕಾಂತ ಪ್ರಚೋದನೆಯ ಕ್ರಮದಲ್ಲಿ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಸುರುಳಿಯ ಕೆಳಗೆ ಕೂರಬೇಕಾಗುತ್ತದೆ. ಕನಕಪುರದ ಹೊರ ಚಿಕಿತ್ಸಾ ಕೇಂದ್ರಕ್ಕೆ ಮಾತ್ರೆ ಪ್ರಯಾಣ ಮಾಡಿ ಬರಬಲ್ಲದಾಗಿತ್ತು, ಸುರುಳಿ ಹಾಗೆ ಬರಲಾರದು. ರಾಮನಗರದಿಂದಲೋ ಮಾಗಡಿಯಿಂದಲೋ ಸುಮಾರು 50 ಕಿಲೋಮೀಟರ್ ದೂರದ ಬೆಂಗಳೂರಿಗೆ, ಕೂಲಿಯನ್ನೂ ಹೊಲದ ಕೆಲಸವನ್ನೂ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ಇಪ್ಪತ್ತು ಮೂವತ್ತು ಸಲ ಹೋಗಿಬರಬೇಕಾದ ರೋಗಿಗೆ ಚಿಕಿತ್ಸೆಯ ಅರ್ಧ ಭಾರ ಬಸ್ಸಿನಲ್ಲಿಯೇ ಇರುತ್ತದೆ.