ಹಿಡಿಕಡ್ಡಿಯ ಮೀಥೇನ್

ಹುಲಿಕಲ್ಲಿನ ಮಳೆ, ಕರೆಂಟು ಹೋಗಿ ಎರಡು ದಿನ. ಮರುದಿನ ಮಗಳಿಗೆ ಪಿಯುಸಿ ಕೆಮಿಸ್ಟ್ರಿ ಟೆಸ್ಟು. "ಅಮ್ಮಾ, ಮೀಥೇನ್ ಯಾಕೆ ಚಪ್ಪಟೆಯಲ್ಲ?" ಎಂದಳು. ಮದುವೆಗೆಂದು ಬಿ.ಎಸ್‌ಸಿ. ಅರ್ಧಕ್ಕೆ ಬಿಟ್ಟ ನಾನು ರೊಟ್ಟಿಹಿಟ್ಟಿನ ಉಂಡೆಗೆ ನಾಲ್ಕು ಹಿಡಿಕಡ್ಡಿ ಚುಚ್ಚಿದೆ. ಎಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ದೂರ ತಳ್ಳಿ ನಿಂತರೆ ನಡುವಿನ ಕೋನ 109.5 ಡಿಗ್ರಿ.

ಇಂಗಾಲದ ನಾಲ್ಕು ಕೈ ಹೀಗೆ ನಾಲ್ಕು ಮೂಲೆಗೆ ಚಾಚಿವೆ ಎಂದು 1874ರಲ್ಲಿ ಬರೆದ ಡಚ್ಚರ ವಾಂಟ್ ಹಾಫ್‌ಗೆ ಆಗಿನ್ನೂ 22. ದನದ ಡಾಕ್ಟರರ ಶಾಲೆಯ ಮೇಷ್ಟ್ರಿಗೇಕೆ ಈ ಉಸಾಬರಿ ಎಂದು ಜರ್ಮನಿಯ ಹಿರಿಯ ಕೋಲ್ಬೆ 1877ರಲ್ಲಿ ಹಂಗಿಸಿದ. 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಸಿಕ್ಕಿದ್ದು ಆ ಮೇಷ್ಟ್ರಿಗೆ (ಬೇರೆ ಕೆಲಸಕ್ಕೆ, ಆ ಮಾತು ಬೇರೆ).

ಮಗಳು ಒಂದು ಕಡ್ಡಿ ಕಿತ್ತಳು. "ಇಲ್ಲಿ ಒಂಟಿ ಜೋಡಿ. ಅಮೋನಿಯ, 107." ಆಮೇಲೆ ಕೇಳಿದಳು: "ನೀನು ಯಾಕೆ ಮುಗಿಸಲಿಲ್ಲ?"

ಒಲೆಗೆ ಸೌದೆ ಒಟ್ಟಿದೆ.